ಬಾಗಿಲ ಹೊರಗೆ ಕೂತ ಅಮ್ಮ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರಿಗೆ ಮತ್ತು ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುವವಳು. ಊರು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ ದಡ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗೆ ಬಂದರು. ಈಗ ಅವರಿಗೆ 74 ವರ್ಷ. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲಿ ನಡೆದದ್ದು ನಿಮ್ಮಿಬ್ಬರ ಇಲಾಖೆಗೂ ಸೇರಿದ್ದು.

ಅಮ್ಮ ಕಸದ ಬುಟ್ಟಿ ಹೊರಗಿಡಲು ಬಾಗಿಲು ತೆಗೆದಿದ್ದರು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ನಮ್ಮದು ಬಿಲ್ಡರ್ ಹಾಕಿಕೊಟ್ಟ ಸ್ಮಾರ್ಟ್ ಲಾಕ್. ಬಾಗಿಲು ಮುಚ್ಚಿದರೆ ತಾನೇ ಲಾಕ್ ಆಗುತ್ತದೆ. ತೆಗೆಯಲು ಫೋನಿನ ಆ್ಯಪ್ ಬೇಕು, ಇಲ್ಲವೇ ನಂಬರ್ ಒತ್ತಬೇಕು, ಇಲ್ಲವೇ ಬೆರಳಿಡಬೇಕು. ಅಮ್ಮನ ಫೋನ್ ಒಳಗಿತ್ತು. ನಂಬರ್ ಒತ್ತಿದರು, ತೆಗೆಯಲಿಲ್ಲ. ಹಿಂದಿನ ರಾತ್ರಿ ಲಾಕ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಹಳೆಯ ನಂಬರ್ ಅಳಿಸಿಹೋಗಿತ್ತು. ಅದು ನಮಗೆ ಗೊತ್ತಾದದ್ದು ಆಮೇಲೆ. ಉಳಿದದ್ದು ಬೆರಳು.

ಆ ಬೆರಳಿನ ಬಗ್ಗೆ ಸ್ವಲ್ಪ ಹೇಳಬೇಕು. ಅಮ್ಮ ಐವತ್ತು ವರ್ಷ ಅಡಿಕೆ ಸುಲಿದವರು. ಪ್ರತಿ ಕೊಯ್ಲಿನಲ್ಲೂ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತವರು. ಚೊಗರು ಹತ್ತಿ, ಸಿಪ್ಪೆ ತಾಗಿ, ಬೆರಳಿನ ಗೆರೆಗಳೇ ಸವೆದುಹೋಗಿವೆ. ಊರಿನ ಸೊಸೈಟಿಯಲ್ಲಿ ರೇಷನ್ ತರುವಾಗಲೂ ಅವರ ಹೆಬ್ಬೆಟ್ಟು ಬರುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತು ಸಲ ಒತ್ತಿ, ಕೊನೆಗೆ ಬರಿಗೈಲಿ ವಾಪಸ್ ಬಂದ ದಿನಗಳಿವೆ. ಲಾಕ್ ಹಾಕಿಕೊಟ್ಟ ಹುಡುಗನಿಗೂ ಇದನ್ನು ಹೇಳಿದ್ದೆ. ಒಂದು ಬೆರಳು ಹೇಗೋ ತೆಗೆದುಕೊಂಡಿತು. ಅದು ಕೆಲವು ದಿನ ಕೆಲಸ ಮಾಡುತ್ತಿತ್ತು, ಕೆಲವು ದಿನ ಇಲ್ಲ. ಅವತ್ತು ಮಾಡಲಿಲ್ಲ.

ಅಕ್ಕಪಕ್ಕದ ಮನೆಯವರೆಲ್ಲ ಆಫೀಸಿಗೆ ಹೋಗಿದ್ದರು. ಅಮ್ಮ ಕಾರಿಡಾರಿನ ನೆಲದ ಮೇಲೆ ಕೂತರು. ಮಂಡಿನೋವು ಇರುವವರು, ಕೂತರೆ ಏಳಲು ಆಸರೆ ಬೇಕು. ಅರ್ಧ ಗಂಟೆ ಆದ ಮೇಲೆ ಲಿಫ್ಟ್ ಬಾಗಿಲು ತೆರೆಯಿತು. ಎದುರು ಮನೆಗೆ ದಿನಸಿ ತಂದ ಡೆಲಿವರಿ ಹುಡುಗ. ಯಾದಗಿರಿ ಕಡೆಯವನು. ಅಮ್ಮ ಅವನನ್ನು ಕರೆದು, "ತಮ್ಮಾ, ನನ್ನ ಮಗಳಿಗೆ ಒಂದು ಫೋನ್ ಹಚ್ಚಿ ಕೊಡ್ತೀಯಾ?" ಎಂದರು. ನನ್ನ ನಂಬರ್ ಅಮ್ಮನಿಗೆ ಬಾಯಿಪಾಠ. ಅದೊಂದು ಪುಣ್ಯ.

ನಾನು ವೈಟ್‌ಫೀಲ್ಡ್‌ನಲ್ಲಿದ್ದೆ. ಬಿಲ್ಡರ್ ಆ ಲಾಕಿಗೆ ಕೊಟ್ಟಿದ್ದ ಒಂದೇ ಒಂದು ಲೋಹದ ಕೀ ನನ್ನ ಬ್ಯಾಗಿನಲ್ಲಿತ್ತು. ಲಾಕ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಒತ್ತಿದೆ. ಮನುಷ್ಯರು ಸಿಗಲಿಲ್ಲ. ದೂರು ದಾಖಲಾಗಿದೆ, 48 ಗಂಟೆಯೊಳಗೆ ಸಂಪರ್ಕಿಸುತ್ತೇವೆ ಅಂತ ಮೆಸೇಜ್ ಬಂತು. ನಾನು ಆ ಟ್ರಾಫಿಕ್ಕಿನಲ್ಲಿ ಮನೆ ಮುಟ್ಟಲು ಒಂದೂಮುಕ್ಕಾಲು ಗಂಟೆ ಹಿಡಿಯಿತು.

ಹೋದಾಗ ಆ ಹುಡುಗ ಇನ್ನೂ ಅಲ್ಲೇ ಇದ್ದ. "ಕುಂದರ್ರಿ ಅಜ್ಜಿ, ನಿಮ್ ಮಗಳು ಬರೋತನ ನಾ ಎಲ್ಲೂ ಹೋಗಲ್ಲ" ಅಂದನಂತೆ. ಕೆಳಗೆ ಹೋಗಿ ಸೆಕ್ಯುರಿಟಿಯವರಿಂದ ಒಂದು ಕುರ್ಚಿ ತಂದಿದ್ದ, ನೀರು ತಂದಿದ್ದ. ಅಷ್ಟು ಹೊತ್ತಿನಲ್ಲಿ ಅವನಿಗೆ ಬಂದ ಎರಡು ಆರ್ಡರ್ ಕೈತಪ್ಪಿದವು. ಆ ದಿನದ ಇನ್ಸೆಂಟಿವ್ ಹೋಯಿತು. ದುಡ್ಡು ಕೊಡಲು ಹೋದರೆ ಬೇಡವೇ ಬೇಡ ಅಂದ, ಚಹಾ ಮಾತ್ರ ಕುಡಿದ. ತನ್ನ ಆ್ಯಪ್ ತೋರಿಸಿದ. ಅದರಲ್ಲಿ ಒಬ್ಬ ಮುದುಕಿಯ ಜೊತೆ ಕೂತಿದ್ದೆ ಎಂದು ಹೇಳಲು ಜಾಗವೇ ಇರಲಿಲ್ಲ.

ಇಷ್ಟನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕ್ಷಮಿಸಿ. ಆದರೆ ನಾನು ನಿಮ್ಮನ್ನು ಕೇಳಬೇಕೆಂದಿರುವುದು ಎಲ್ಲವೂ ಆ ಕಾರಿಡಾರಿನಲ್ಲೇ ಇದೆ.

ಮೊದಲೇ ಹೇಳಿಬಿಡುತ್ತೇನೆ, ಈ ತಂತ್ರಜ್ಞಾನ ಬೇಡ ಎಂದು ನಾನು ಬರೆಯುತ್ತಿಲ್ಲ. ರಾತ್ರಿ ಅಮ್ಮ ಎದ್ದರೆ ಬಚ್ಚಲುಮನೆಯವರೆಗೆ ದೀಪ ತಾನೇ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಸೋರಿದರೆ ಕೂಗುವ ಪುಟ್ಟ ಡಬ್ಬಿ ಅಡುಗೆಮನೆಯಲ್ಲಿದೆ, ಒಂದು ಸಲ ನಿಜವಾಗಿಯೂ ಕೂಗಿ ಕಾಪಾಡಿದೆ. ಬಾಗಿಲಲ್ಲಿ ಯಾರಿದ್ದಾರೆ ಎಂದು ಅಮ್ಮ ಕೂತಲ್ಲೇ ನೋಡಬಹುದು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂತಲ್ವಾ, ಆಗ ನಮ್ಮ ಅಪಾರ್ಟ್‌ಮೆಂಟಿನವರು ಮನೆಮನೆಗೆ ಸ್ಮಾರ್ಟ್ ಮೀಟರ್ ಹಾಕಿಸಿದರು. ಯಾರೂ ಇಲ್ಲದ ಮನೆಯಲ್ಲಿ ರಾತ್ರಿಯಿಡೀ ನೀರು ಹರಿಯುತ್ತಿದೆ ಎಂದು ಮೀಟರ್ ತೋರಿಸಿತು. ಒಡೆದ ಪೈಪ್ ಸಿಕ್ಕಿತು. ತಿಂಗಳಿಗೆ ಎಷ್ಟೋ ಟ್ಯಾಂಕರ್ ಉಳಿಯಿತು.

ಇನ್ನು ಸಾಮಾನು ಹೊತ್ತು ತಂದುಕೊಡುವ ಡ್ರೋನ್. ಅದರ ವಿಷಯಕ್ಕೆ ಬಂದರೆ ನನಗೆ ಊರು ನೆನಪಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಂತ ಮೇಲೆ ನಮ್ಮ ಕಡೆಯ ಹಳ್ಳಿಗಳು ದ್ವೀಪದಂತಾದವು. ನಾಡಿಗೆಲ್ಲ ಕರೆಂಟು ಕೊಡಲು ಮುಳುಗಿದ ಊರಿನ ಜನ ನಾವು. ಸಾಗರ ಪೇಟೆಗೆ ಬರಬೇಕೆಂದರೆ ಹಿನ್ನೀರು ದಾಟಿಸುವ ಲಾಂಚೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಬೆಳಗಿನವರೆಗೆ ಕಾಯಬೇಕಿತ್ತು. ಹೆರಿಗೆ ನೋವು ಬಂದವರಿಗೆ, ಹಾವು ಕಚ್ಚಿದವರಿಗೆ ಆ ರಾತ್ರಿ ಹೇಗಿರುತ್ತಿತ್ತು ಎಂದು ಆಚೆ ದಡದವರಿಗೇ ಗೊತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ ಕಾದೆವು.

2021ರ ಅಕ್ಟೋಬರಿನಲ್ಲಿ ಮಣಿಪುರದಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನವರು ಡ್ರೋನ್ ಮೂಲಕ ಕೋವಿಡ್ ಲಸಿಕೆ ಕಳಿಸಿದರು. ಬಿಷ್ಣುಪುರ ಜಿಲ್ಲಾ ಆಸ್ಪತ್ರೆಯಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ. ರಸ್ತೆಯಲ್ಲಿ 26 ಕಿಲೋಮೀಟರ್ ಆಗುವ ದಾರಿ, ಆಕಾಶದಲ್ಲಿ 15 ಕಿಲೋಮೀಟರ್. ಕಾಲು ಗಂಟೆಯೊಳಗೆ ಲಸಿಕೆ ತಲುಪಿತು. ಅದನ್ನು ಓದಿದ ದಿನ ನಾನು ಹಿನ್ನೀರಿನ ಆಚೆ ದಡದ ನಮ್ಮ ತುಮರಿಯನ್ನು ನೆನೆದು ಅತ್ತಿದ್ದೆ. ಕರ್ನಾಟಕದಲ್ಲೂ ಅದೇ ವರ್ಷ ಜೂನಿನಲ್ಲಿ ಗೌರಿಬಿದನೂರಿನ ಹತ್ತಿರ, ಕಣ್ಣಳತೆಯ ಆಚೆಗೆ ಡ್ರೋನ್ ಹಾರಿಸಿ ಔಷಧಿ ಸಾಗಿಸುವ ಪ್ರಯೋಗ ನಡೆಯಿತು. ಮಾಡಿದ್ದು ಬೆಂಗಳೂರಿನದೇ ಕಂಪನಿ. ಆಫ್ರಿಕಾದ ರುವಾಂಡಾದಲ್ಲಿ 2016ರಿಂದಲೇ ಜಿಪ್‌ಲೈನ್ ಎಂಬ ಕಂಪನಿಯ ಡ್ರೋನ್‌ಗಳು ಗುಡ್ಡಗಾಡಿನ ಆಸ್ಪತ್ರೆಗಳಿಗೆ ರಕ್ತ ಒಯ್ಯುತ್ತಿವೆ.

ಹಾಗಾದರೆ ನಮ್ಮಲ್ಲಿ ಡ್ರೋನ್ ಮೊದಲು ಎಲ್ಲಿಗೆ ಹೋಗಬೇಕು? ಮಳೆಗಾಲದಲ್ಲಿ ಹಳ್ಳ ದಾಟುವ ಸಂಕ ಕೊಚ್ಚಿಹೋಗುವ ಮಲೆನಾಡಿನ ಮಜರೆಗೋ, ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೋ? ನಮ್ಮ ಗೇಟಿನಿಂದ ಇನ್ನೂರು ಮೀಟರಿನಲ್ಲಿ ಮೂರು ಕಿರಾಣಿ ಅಂಗಡಿ ಇವೆ. ನಮಗೆ ಹತ್ತು ನಿಮಿಷದಲ್ಲಿ ಚಿಪ್ಸ್ ಬರದಿದ್ದರೆ ಏನೂ ಆಗುವುದಿಲ್ಲ. ವಿಮಾನ ಹಾರಾಟದ ನಿಯಮ ಕೇಂದ್ರದ್ದು ಎಂದು ಗೊತ್ತು. ಆದರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾವಿನ ವಿಷದ ಔಷಧಿ ಡ್ರೋನಿನಲ್ಲಿ ಹೋಗಬೇಕು, ಅದಕ್ಕೆ ದುಡ್ಡು ಎಲ್ಲಿಂದ ಎಂದು ತೀರ್ಮಾನಿಸುವುದು ರಾಜ್ಯದ ಕೈಯಲ್ಲೇ ಇದೆ. ಅಲ್ಲಿಂದ ಶುರು ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ನಗರದ ಮನೆಗಳ ಮೇಲೆ ಡ್ರೋನ್ ಹಾರುವಾಗ ಏನಾಗುತ್ತದೆ ಎಂದು ಆಸ್ಟ್ರೇಲಿಯಾದವರು ಈಗಾಗಲೇ ಕಂಡಿದ್ದಾರೆ. ಕ್ಯಾನ್‌ಬೆರಾದ ಬೊನಿಥನ್ ಬಡಾವಣೆಯಲ್ಲಿ ಪ್ರಯೋಗ ನಡೆದಾಗ ಶಬ್ದ ತಾಳಲಾರದೆ ಜನ ದೂರು ಕೊಟ್ಟರು. 2022ರಲ್ಲಿ ಲೋಗನ್ ನಗರದಲ್ಲಿ ಒಂದು ಡ್ರೋನ್ ಕರೆಂಟ್ ತಂತಿಯ ಮೇಲೆ ಕೂತು ಸುಮಾರು ಎರಡು ಸಾವಿರ ಕಡೆ ಕರೆಂಟ್ ಹೋಯಿತು. ನಮ್ಮ ಬೀದಿಗಳಲ್ಲಿ ತಂತಿಗಳು ಹೇಗಿವೆ ಎಂದು ನಿಮಗೇ ಗೊತ್ತು.

ಈಗ ಬೀಗದ ವಿಷಯ.

ಲಾಕ್ ನಮ್ಮ ಬಾಗಿಲಲ್ಲೇ ಇದ್ದರೂ ಅದರ ತಲೆ ಇರುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ಅಂದರೆ ಕಂಪನಿಯ ಕಂಪ್ಯೂಟರಿನಲ್ಲಿ. 2025ರ ಅಕ್ಟೋಬರ್ 20, ನರಕ ಚತುರ್ದಶಿಯ ದಿನ. ನಾವಿಲ್ಲಿ ಎಣ್ಣೆ ಸ್ನಾನ ಮಾಡಿ ಊಟಕ್ಕೆ ಕೂರುವ ಹೊತ್ತಿಗೆ ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ಒಂದು ದೋಷ ಕಾಣಿಸಿಕೊಂಡಿತು. ಗಂಟೆಗಟ್ಟಲೆ ಮಾತು ಕೇಳಿ ಕೆಲಸ ಮಾಡುವ ಅಲೆಕ್ಸಾ ಮಾತಾಡಲಿಲ್ಲ, ಬಾಗಿಲು ಕಾಯುವ ರಿಂಗ್ ಕಂಪನಿಯ ಕ್ಯಾಮೆರಾಗಳು ಕುರುಡಾದವು. ಇಂಟರ್ನೆಟ್ ನಂಬಿ ಬೆಚ್ಚಗಾಗುವ ಒಂದು ಬಗೆಯ ದುಬಾರಿ ಹಾಸಿಗೆಗಳು ಕೂಡ ಕೈಕೊಟ್ಟವು. ಒಂದು ಊರಿನ ಕಂಪ್ಯೂಟರ್ ತಪ್ಪಿದ್ದಕ್ಕೆ ಜಗತ್ತಿನ ಎಷ್ಟೋ ಮನೆಗಳ ಸ್ವಿಚ್ಚು, ಬಾಗಿಲು ಕೆಟ್ಟವು.

ಕಂಪನಿಯೇ ಮುಚ್ಚಿದರೆ? ರಿವಾಲ್ವ್ ಎಂಬ ಮನೆ ನಿಯಂತ್ರಿಸುವ ಯಂತ್ರಕ್ಕೆ ಜನ 300 ಡಾಲರ್ ಕೊಟ್ಟಿದ್ದರು. ಗೂಗಲ್‌ನ ನೆಸ್ಟ್ ಆ ಕಂಪನಿಯನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಯಂತ್ರ ಸುಮ್ನೆ ಒಂದು ಡಬ್ಬಿಯಾಗಿ ಉಳಿಯಿತು. 2022ರಲ್ಲಿ ಸ್ಮಾರ್ಟ್ ಸ್ವಿಚ್ಚು ಮಾರುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಗ್ರಾಹಕರಿಗೆ ಒಂದು ಮಾತನ್ನೂ ಹೇಳದೆ ಸರ್ವರ್ ಆಫ್ ಆಯಿತು. ಬೆಂಗಳೂರಿನಲ್ಲಿ ಈಗ ಬಿಲ್ಡರ್‌ಗಳು "ಸ್ಮಾರ್ಟ್ ಹೋಮ್" ಎಂದು ಫ್ಲ್ಯಾಟ್ ಮಾರುತ್ತಿದ್ದಾರೆ. ಕೊಳ್ಳುವವರು ಇಪ್ಪತ್ತು ವರ್ಷದ ಸಾಲ ಮಾಡುತ್ತಾರೆ. ಗೋಡೆಯೊಳಗಿನ ಸ್ವಿಚ್ಚಿನ ಆ್ಯಪ್ ಐದು ವರ್ಷ ಬಾಳುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಕದಿಯುವವರ ಮಾತೂ ಇದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಅದು ಮಾಡಿದ್ದು ಇಷ್ಟೇ: ಕಾರ್ಖಾನೆಯಲ್ಲಿ ಹಾಕಿ ಕಳಿಸಿದ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯತ್ನಿಸಿದ್ದು. ಜನ ಪಾಸ್‌ವರ್ಡ್ ಬದಲಿಸಿರಲಿಲ್ಲ. ಬದಲಿಸಬೇಕು ಎಂದು ಯಾರೂ ಹೇಳಿಯೂ ಇರಲಿಲ್ಲ. ಹೊರಗಿನ ಕಳ್ಳರು ಮಾತ್ರವೂ ಅಲ್ಲ. ರಿಂಗ್ ಕಂಪನಿ ತನ್ನ ನೌಕರರಿಗೆ ಗ್ರಾಹಕರ ಮನೆಯೊಳಗಿನ ಖಾಸಗಿ ವಿಡಿಯೊ ನೋಡಲು ಬಿಟ್ಟಿತ್ತು ಎಂದು ಅಮೆರಿಕದ ವ್ಯಾಪಾರ ಆಯೋಗ ಕೇಸು ಹಾಕಿತು. 2023ರಲ್ಲಿ ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿತು.

ಇದಕ್ಕೆ ದಾರಿ ಇಲ್ಲವೆಂದಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಒಂದು ಕಾನೂನು ಜಾರಿಯಲ್ಲಿದೆ. ಎಲ್ಲ ಯಂತ್ರಕ್ಕೂ ಒಂದೇ ಸುಲಭದ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ಎಷ್ಟು ದಿನದವರೆಗೆ ಸುರಕ್ಷತೆಯ ಅಪ್‌ಡೇಟ್ ಕೊಡುತ್ತೇವೆ ಎಂದು ಮಾರುವಾಗಲೇ ಹೇಳಬೇಕು. ಮಾತ್ರೆಯ ಸ್ಟ್ರಿಪ್ ಮೇಲೆ ಎಕ್ಸ್‌ಪೈರಿ ಡೇಟ್ ಇರುವ ಹಾಗೆ. ನಮ್ಮ ಕೇಂದ್ರ ಸರ್ಕಾರವೂ ಇಂಟರ್ನೆಟ್ ಕ್ಯಾಮೆರಾಗಳನ್ನು ಸುರಕ್ಷತಾ ಪರೀಕ್ಷೆ ಪಾಸಾಗದೆ ಮಾರಬಾರದು ಎಂದು 2025ರ ಏಪ್ರಿಲ್‌ನಿಂದ ನಿಯಮ ತಂದಿದೆ. ಕ್ಯಾಮೆರಾಕ್ಕೆ ಮಾಡಿದ್ದನ್ನು ಬಾಗಿಲ ಬೀಗಕ್ಕೂ ಮಾಡಿ ಎಂದು ನೀವು ದಿಲ್ಲಿಗೆ ಬರೆಯಬಹುದು. ದೇಶದ ಐಟಿ ರಾಜಧಾನಿಯ ಸಚಿವರು ಬರೆದರೆ ಅದಕ್ಕೆ ತೂಕ ಜಾಸ್ತಿ.

ದಿಲ್ಲಿಯನ್ನು ಕಾಯದೆ ಇಲ್ಲೇ ಆಗುವ ಕೆಲಸವೂ ಇದೆ. ಮನೆ ಕೊಳ್ಳುವವರನ್ನು ಕಾಯುವ ರೇರಾ ಕಾನೂನಿನಲ್ಲಿ ಬಿಲ್ಡರ್ ಮನೆ ಕೊಟ್ಟ ಮೇಲೆ ಐದು ವರ್ಷ ಕಟ್ಟಡದ, ಕೆಲಸದ, ಸೌಕರ್ಯಗಳ ದೋಷಕ್ಕೆ ಜವಾಬ್ದಾರ. ಬಿಲ್ಡರ್ ಹಾಕಿದ ಸ್ಮಾರ್ಟ್ ಲಾಕ್, ಸ್ವಿಚ್ಚುಗಳೂ ಇದರೊಳಗೆ ಬರುತ್ತವೆ ಎಂದು ಕರ್ನಾಟಕ ರೇರಾದಿಂದ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸುವಂತೆ ನೋಡಿಕೊಳ್ಳಿ. ಇಂಟರ್ನೆಟ್ ಇಲ್ಲದಾಗ, ಕರೆಂಟ್ ಇಲ್ಲದಾಗ ಕೈಯಿಂದ ತೆಗೆಯಲು ಬಾರದ ಯಾವ ಮುಂಬಾಗಿಲ ಬೀಗವನ್ನೂ ಬಿಲ್ಡರ್ ಹಾಕಬಾರದು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಕೀ ಕೊಡಲಿ. ಇದು ದೊಡ್ಡ ಖರ್ಚಿನ ಮಾತಲ್ಲ.

ಮತ್ತೆ ಭಾಷೆ. ಅಲೆಕ್ಸಾ ಹಿಂದಿ ಕಲಿತದ್ದು 2019ರಲ್ಲಿ. ನಮ್ಮ ಮನೆಯ ಸ್ಪೀಕರ್‌ಗೆ ಕನ್ನಡ ಬರುವುದಿಲ್ಲ. ಅಮ್ಮ "ದೀಪ ಆರ್ಸು" ಅಂದರೆ ಅದಕ್ಕೆ ತಿಳಿಯುವುದಿಲ್ಲ. ಈಗ ಅವರು ನಾನು ಹೇಳಿಕೊಟ್ಟ ನಾಲ್ಕು ಇಂಗ್ಲಿಷ್ ಮಾತನ್ನು ಮಂತ್ರದ ಹಾಗೆ ಹೇಳುತ್ತಾರೆ. ಬಿದ್ದಾಗ, ಎದೆನೋವು ಬಂದಾಗ ಮನುಷ್ಯರ ಬಾಯಲ್ಲಿ ಬರುವುದು ತಾಯಿನುಡಿಯೇ ಅಲ್ವಾ? ಆಗ ಕೇಳಿಸಿಕೊಳ್ಳದ ಯಂತ್ರ ಹಿರಿಯರ ಸುರಕ್ಷತೆಗೆ ಎಂದು ಮಾರುವುದು ಸರಿಯಲ್ಲ. ಕರ್ನಾಟಕದಲ್ಲಿ ಮಾರುವ ಬೀಗದ, ಗ್ಯಾಸ್ ಅಲಾರಮಿನ, ಕ್ಯಾಮೆರಾದ ಸಹಾಯವಾಣಿಯಲ್ಲಿ ಕನ್ನಡ ಬಲ್ಲ ಮನುಷ್ಯರು ಇರಬೇಕು. ಆ ದಿನ ಒಬ್ಬರು ಫೋನ್ ಎತ್ತಿ "ಹೇಳಿ" ಅಂದಿದ್ದರೆ ಹೊಸ ನಂಬರ್ ಹಾಕಿಕೊಡುವುದು ಎರಡು ನಿಮಿಷದ ಕೆಲಸವಾಗಿತ್ತು.

ಕಾರ್ಮಿಕ ಸಚಿವರೇ, ಇನ್ನು ನಿಮ್ಮ ಕಡೆಗೆ.

ಡೆಲಿವರಿ ಹುಡುಗರು, ಕ್ಯಾಬ್ ಓಡಿಸುವವರಿಗಾಗಿ ಕರ್ನಾಟಕ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ತಂದಿತು. ಅದಕ್ಕಾಗಿ ಮನಸಾರೆ ಧನ್ಯವಾದ. ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟಿಸ್ ಕೊಡಬೇಕು, ಕಂಪ್ಯೂಟರ್ ಹೇಗೆ ಕೆಲಸ ಹಂಚುತ್ತದೆ, ಹೇಗೆ ಅಳೆಯುತ್ತದೆ ಎಂದು ತಿಳಿಸಬೇಕು ಎಂಬುದೆಲ್ಲ ಅದರಲ್ಲಿದೆ. ಪ್ರತಿ ಆರ್ಡರಿನಲ್ಲಿ ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಆ ನಿಧಿಯಿಂದ ಇವರಿಗೆ ಅಪಘಾತ, ಆರೋಗ್ಯದ ರಕ್ಷಣೆ.

ಒಂದು ಕ್ಷಣ ಈ ಲೆಕ್ಕ ನೋಡಿ. ಶುಲ್ಕ ನಿಂತಿರುವುದು ಕೆಲಸಗಾರರಿಗೆ ಕೊಡುವ ಹಣದ ಮೇಲೆ. ನಾಳೆ ಅದೇ ಆರ್ಡರನ್ನು ಡ್ರೋನೋ ಚಕ್ರದ ರೋಬೋಟೋ ತಂದರೆ ಕೆಲಸಗಾರರಿಗೆ ಹಣ ಇಲ್ಲ. ಹಣ ಇಲ್ಲದಿದ್ದರೆ ಶುಲ್ಕವೂ ಇಲ್ಲ. ಅಂದರೆ ಯಂತ್ರಗಳು ಬಂದು ಹುಡುಗರ ಕೆಲಸ ಹೋಗುವ ಹೊತ್ತಿಗೆ ಸರಿಯಾಗಿ ಅವರನ್ನು ಕಾಯಬೇಕಾದ ನಿಧಿಯೂ ಬತ್ತುತ್ತದೆ. ದೇಶದಲ್ಲಿ 2020-21ರಲ್ಲೇ ಇಂಥ ಕೆಲಸಗಾರರು 77 ಲಕ್ಷ ಇದ್ದರು ಎಂದು ನೀತಿ ಆಯೋಗ ಹೇಳಿತ್ತು. ಬಹಳ ಜನ ನಮ್ಮ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬಂದವರು. ಮನುಷ್ಯರಿಲ್ಲದೆ ಮಾಡುವ ಪ್ರತಿ ಡೆಲಿವರಿಯ ಮೇಲೂ ಅಷ್ಟೇ ಶುಲ್ಕ ಇರಲಿ, ಅದು ಇದೇ ನಿಧಿಗೆ ಸೇರಲಿ. ಯಂತ್ರಗಳು ಸಾವಿರದಲ್ಲಿ ಒಂದು ಇರುವಾಗಲೇ ಈ ತಿದ್ದುಪಡಿ ತನ್ನಿ. ಅರ್ಧಕ್ಕರ್ಧ ಆದ ಮೇಲೆ ತರಲು ಯಾರೂ ಬಿಡುವುದಿಲ್ಲ.

ಹಾಗೆಯೇ ಕಂಪ್ಯೂಟರ್ ಹೇಗೆ ಅಳೆಯುತ್ತದೆ ಎಂದು ತಿಳಿಸಿದರಷ್ಟೇ ಸಾಲದು, ಅಳತೆಗೆ ಉತ್ತರ ಕೊಡಲು ಜಾಗ ಬೇಕು. ಗೇಟಿನಲ್ಲಿ ಕಾದದ್ದು, ಸರ್ವಿಸ್ ಲಿಫ್ಟ್‌ಗಾಗಿ ನಿಂತದ್ದು, ದಾರಿಯಲ್ಲಿ ಬಿದ್ದವರನ್ನು ಎತ್ತಿದ್ದು, ಇವೆಲ್ಲ ಆ್ಯಪ್‌ಗೆ "ತಡ" ಅಷ್ಟೇ. ಒಂದು ಬಟನ್ ಇರಲಿ, ತಡಕ್ಕೆ ಕಾರಣ ಹೇಳಲು. ಅದನ್ನು ಒಬ್ಬ ಮನುಷ್ಯ ಓದಲಿ. ಓದಿ ತೀರ್ಮಾನ ಮಾಡುವವರೆಗೆ ಇನ್ಸೆಂಟಿವ್ ಕತ್ತರಿಸಬಾರದು ಎಂದು ನಿಯಮದಲ್ಲಿ ಬರೆಯಿರಿ.

ಗೇಟಿನ ಇನ್ನೊಂದು ವಿಷಯ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮುಖವನ್ನು ದಿನವೂ ಕ್ಯಾಮೆರಾ ನೋಡುತ್ತದೆ. ಎಷ್ಟು ಗಂಟೆಗೆ ಬಂದರು, ಯಾವ ಮನೆಗೆ ಹೋದರು, ಎಷ್ಟು ಹೊತ್ತಿಗೆ ಹೊರಟರು ಎಲ್ಲವೂ ಗೇಟಿನ ಆ್ಯಪ್ ಮೂಲಕ ನಮ್ಮ ಫೋನಿಗೆ ಬರುತ್ತದೆ. ನನ್ನ ಮಾಹಿತಿ ತೆಗೆದುಕೊಳ್ಳುವಾಗ ಆ್ಯಪ್ ಒಪ್ಪಿಗೆ ಕೇಳಿತು. ಅವರನ್ನು ಯಾರೂ ಕೇಳಲಿಲ್ಲ. ಒಂದು ದಿನ ಅವರೇ ನನ್ನನ್ನು ಕೇಳಿದರು: "ಅಕ್ಕಾ, ನನ್ ಫೋಟೊ ಎಲ್ಲೆಲ್ಲಿಗೆ ಹೋಗ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. 2023ರ ಡೇಟಾ ರಕ್ಷಣೆ ಕಾನೂನಿಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದಿವೆ, ಅದರ ಮುಖ್ಯ ಭಾಗ ಜಾರಿಯಾಗಲು ಇನ್ನೂ ಹದಿನೆಂಟು ತಿಂಗಳು ಕೊಟ್ಟಿದ್ದಾರೆ. ಅದಕ್ಕೆ ಮೊದಲೇ ಅಪಾರ್ಟ್‌ಮೆಂಟ್ ಸಂಘಗಳಿಗೆ ನೀವಿಬ್ಬರೂ ಸೇರಿ ಕನ್ನಡದಲ್ಲಿ ಒಂದು ಪುಟದ ಮಾರ್ಗಸೂಚಿ ಕೊಡಿ. ಏನು ತೆಗೆದುಕೊಳ್ಳಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾರು ನೋಡಬಹುದು. ಅದನ್ನು ಗೇಟಿನ ಹತ್ತಿರ, ಎಲ್ಲರಿಗೂ ಕಾಣುವ ಹಾಗೆ ಅಂಟಿಸಲಿ.

ನಮ್ಮ ಬಾಗಿಲಿಗೆ ಈಗ ಮಾಮೂಲಿ ಬೀಗ ಹಾಕಿಸಿದ್ದೇನೆ. ಸ್ಮಾರ್ಟ್ ಲಾಕ್ ಕೂಡ ಹಾಗೇ ಇದೆ, ಆದರೆ ತಾನೇ ಲಾಕ್ ಆಗುವುದನ್ನು ತೆಗೆಸಿದೆ. ಅಮ್ಮನ ಕೀ ಸೆರಗಿನ ಗಂಟಿನಲ್ಲಿರುತ್ತದೆ. ಆ ಹುಡುಗ ನಮ್ಮ ಕಡೆ ಆರ್ಡರ್ ಬಂದಾಗ ಮೇಲೆ ಬಂದು ಅಮ್ಮನನ್ನು ಮಾತಾಡಿಸಿ ಹೋಗುತ್ತಾನೆ. ಅಮ್ಮ ಅವನಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟುಕಳಿಸುತ್ತಾರೆ, ಅವನು ಊರಿಗೆ ಹೋಗಿಬಂದಾಗ ಜೋಳದ ರೊಟ್ಟಿ ತಂದುಕೊಡುತ್ತಾನೆ.

ಈ ನಿಯಮಗಳ ಬಗ್ಗೆ ನೀವು ಸಾರ್ವಜನಿಕರ ಸಭೆ ಕರೆದರೆ ದಯವಿಟ್ಟು ವಾರದ ಮೊದಲೇ ತಿಳಿಸಿ. ನಾನು ರಜೆ ಹಾಕಿ ಬರುತ್ತೇನೆ, ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ. ಆ ಹುಡುಗನೂ ಬರುತ್ತೇನೆ ಎಂದಿದ್ದಾನೆ. ಬಂದರೆ ಅವನ ಅರ್ಧ ದಿನದ ದುಡಿಮೆ ಹೋಗುತ್ತದೆ. ಅದಕ್ಕೆ ಸಭೆ ಮಧ್ಯಾಹ್ನ ಮೂರರಿಂದ ಐದರೊಳಗೆ ಇದ್ದರೆ ಒಳ್ಳೆಯದು. ಆಗ ಆರ್ಡರ್ ಕಡಿಮೆಯಂತೆ.

ಇಂತಿ ನಿಮ್ಮ ವಿಶ್ವಾಸಿ,
ಕನಕಪುರ ರಸ್ತೆಯ ಒಬ್ಬ ನಿವಾಸಿ, ಬೆಂಗಳೂರು